ಹೊಲಿಗೆ ಬಿಟ್ಟ ಸಾಲು

ಕಂತು ಹನ್ನೊಂದು

"ಇದು ಆವತ್ತಿನ ಪುಸ್ತಕ ಅಲ್ಲ ಸಾರ್," ಎಂದರು ಪೆನ್ಸಿಲಮ್ಮ.

ಎದ್ದು ಹೊರಡಬೇಕೆಂದಿದ್ದ ನಾನು ಅಲ್ಲೇ ಕೂತೆ.

"ಅಕ್ಷರ ಅವಳದೇ. ಪೆನ್ಸಿಲ್ ಒತ್ತೋ ರೀತಿನೂ ಅವಳದೇ. ಆದ್ರೆ ಫೋನ್ ಕೇಳ್ತಾ ಬರೆದಿದ್ದಲ್ಲ ಇದು. ಆಮೇಲೆ ನಿಧಾನಕ್ಕೆ ಕೂತು ಬರೆದಿದ್ದು."

"ಅದ್ಹೇಗೆ ಹೇಳ್ತೀರಿ?"

"ಹೊಲಿಗೆ ಇಲ್ಲ."

ನನಗೆ ತಲೆಬುಡ ಅರ್ಥವಾಗಲಿಲ್ಲ. ಆಕೆ ಮುಡಿಯಲ್ಲಿ ಸಿಕ್ಕಿಸಿದ್ದ ಮೂರು ಪೆನ್ಸಿಲ್‌ಗಳಲ್ಲಿ ಒಂದನ್ನು ಕಿತ್ತು, ಅದರ ಹಿಂಬದಿಯಿಂದ ಪುಟದ ತಲೆಯನ್ನು ಕುಟ್ಟಿ ತೋರಿಸಿದರು. ನನ್ನ ಕಣ್ಣಿಗೆ ಕಂಡದ್ದು ಗೆರೆ, ಕೊಕ್ಕೆ, ಚುಕ್ಕೆ ಅಷ್ಟೇ.

ನಾವು ಕೂತಿದ್ದದ್ದು ಅಧ್ಯಕ್ಷರ ಕಚೇರಿಯ ಶೀಘ್ರಲಿಪಿ ಕೋಣೆಯಲ್ಲಿ. ಕೋಣೆ ಅಂದರೆ ಹೆಸರಿಗೆ ಮಾತ್ರ. ಎತ್ತರದಲ್ಲೊಂದು ಕಿಟಕಿ, ಒಂದು ಮೇಜು, ಮೊಳೆಗೆ ನೇತುಹಾಕಿದ ಎರಡು ಹೆಡ್‌ಫೋನು, ಒಂದು ಗಡಿಯಾರ, ಎರಡು ಕುರ್ಚಿ. ಒಂದರಲ್ಲಿ ಪೆನ್ಸಿಲಮ್ಮ. ಇನ್ನೊಂದರಲ್ಲಿ ಯಾರೂ ಇಲ್ಲ, ಬಣ್ಣಗೆಟ್ಟ ನೀಲಿ ದಿಂಬು ಮಾತ್ರ. ಅದು ಕೆಲಸ ಬಿಟ್ಟು ಹೋದ ಜೊತೆಗಾತಿ ದಿಂಬಿನಮ್ಮನ ಕುರ್ಚಿ, ಪೆನ್ಸಿಲಮ್ಮ 'ಅವಳು' ಅಂದದ್ದು ಆಕೆಯನ್ನೇ. ನಾನು ಬಾಗಿಲ ಬಳಿ ಸ್ಟೂಲಿನ ಮೇಲೆ. ಗಂಟೆ ಬೆಳಿಗ್ಗೆ ಹನ್ನೊಂದೂ ಇಪ್ಪತ್ತು. ಸಂಜೆ ಐದಕ್ಕೆ ನನ್ನ ತನಿಖಾ ವರದಿ ಶಾಸನಸಭೆಯ ಸಮಿತಿಯ ಕೈಯಲ್ಲಿರಬೇಕು. ದೇಶದ ಅಧ್ಯಕ್ಷರು ಮಾಡಿದ್ದು ಲಂಚವೋ ಅಲ್ಲವೋ, ಹೌದು ಅಥವಾ ಇಲ್ಲ, ಒಂದೇ ಪದ.

ಓದುಗರೇ, ಹಿಂದಿನದನ್ನೆಲ್ಲ ಹೇಳುತ್ತ ಕೂರುವ ವ್ಯವಧಾನ ನನಗಿಲ್ಲ. ಇಷ್ಟು ನೆನಪಿದ್ದರೆ ಸಾಕು: ಐದು ತಿಂಗಳ ಹಿಂದೆ ಅಧ್ಯಕ್ಷರು ನ್ಯಾಯಾಲಯದ ರಿಜಿಸ್ಟ್ರಾರಮ್ಮನಿಗೆ ಒಂದು ಫೋನು ಮಾಡಿದರು, ಇಪ್ಪತ್ತು ನಿಮಿಷ ಮಾತಾಡಿದರು. ಯಾವ ಮೊಕದ್ದಮೆ ಯಾವ ದಿನ ಅಂತ ಪಟ್ಟಿ ಮಾಡುವವಳು ಈ ರಿಜಿಸ್ಟ್ರಾರಮ್ಮ. ಅಧ್ಯಕ್ಷರ ಹಿಂದಿನ ಗೆಲುವಿನ ಮೇಲೇ ಒಂದು ಮೊಕದ್ದಮೆ ಇತ್ತು. ಫೋನಾದ ನಾಲ್ಕನೇ ದಿನ ಅದರ ತಾರೀಖು ಮುಂದಿನ ಚುನಾವಣೆ ದಾಟಿ ಆಚೆ ಹೋಯಿತು. ಅದಾದ ಎರಡು ದಿನಕ್ಕೆ, ಒಂಬತ್ತು ವರ್ಷದಿಂದ ಜೈಲಿನಲ್ಲಿದ್ದ ಆಕೆಯ ಅಣ್ಣನ ಕ್ಷಮಾದಾನದ ಕಡತಕ್ಕೆ ಸಹಿ ಬಿತ್ತು. ಹದಿನಾಲ್ಕು ತಿಂಗಳಿಂದ ಅಧ್ಯಕ್ಷರ ಮೇಜಿನ ಮೇಲೆ ಧೂಳು ತಿನ್ನುತ್ತಿದ್ದ ಕಡತ ಅದು.

ಕಾಗೆ ಕೂತಿತು, ಕೊಂಬೆ ಮುರಿಯಿತು, ಅಷ್ಟೇ ಅನ್ನುತ್ತಾರೆ ಅಧ್ಯಕ್ಷರ ಕಡೆಯವರು. ರಿಜಿಸ್ಟ್ರಾರಮ್ಮನಿಗೆ ಏನೂ ನೆನಪಿಲ್ಲವಂತೆ. ಹೊರಗೆ ಜನ ಕೇಳುವುದೂ ಒಂದೇ ಮಾತು: ದುಡ್ಡೇ ಕೈ ಬದಲಾಗಿಲ್ಲ, ಲಂಚ ಎಲ್ಲಿಂದ ಬಂತು?

ಅವರಿಗೆ ಉತ್ತರ ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ಕಾನೂನಿನ ಆ ಕಲಮನ್ನು ಒಂದು ರಟ್ಟಿನ ಚೂರಿನ ಮೇಲೆ ಬರೆದು ಜೇಬಿನಲ್ಲೇ ಇಟ್ಟುಕೊಂಡಿದ್ದೇನೆ. ಅಧಿಕಾರದಲ್ಲಿರುವವನು ತಾನಾಗಲಿ, ಇನ್ನೊಬ್ಬರ ಮೂಲಕವಾಗಲಿ, ಬೆಲೆಯುಳ್ಳ ಏನನ್ನಾದರೂ ತನಗಾಗಿ ಕೇಳಿದರೆ, ಪಡೆದರೆ, ಪಡೆಯಲು ಒಪ್ಪಿದರೆ, ಮತ್ತು ಅದು ತನ್ನ ಅಧಿಕಾರದ ಒಂದು ಕೆಲಸಕ್ಕೆ ಪ್ರತಿಯಾಗಿದ್ದರೆ, ಅದು ಲಂಚ. ದುಡ್ಡು ಅನ್ನುವ ಪದವೇ ಅದರಲ್ಲಿಲ್ಲ. ಅಧಿಕಾರದ ಕೆಲಸ ಯಾವುದು? ಸಹಿ. ಬೆಲೆಯುಳ್ಳದ್ದು? ತಾರೀಖು. ಯಾರಿಗಾಗಿ? ತನಗಾಗಿ. ಮೂರು ಸಿಕ್ಕಿವೆ. ಉಳಿದದ್ದು ಒಂದೇ, ಆ 'ಪ್ರತಿಯಾಗಿ'. ಇದು ಕೊಟ್ಟರೆ ಅದು ಅನ್ನುವ ಗಂಟು. ಆ ಗಂಟು ಇದ್ದಿದ್ದರೆ ಆ ಇಪ್ಪತ್ತು ನಿಮಿಷದೊಳಗೆ ಇರಬೇಕು.

"ಹೊಲಿಗೆ ಅಂದ್ರೆ ಏನಮ್ಮಾ? ನನ್ನಂಥ ದಡ್ಡನಿಗೂ ತಿಳಿಯೋ ಹಾಗೆ ಹೇಳಿ."

ಪೆನ್ಸಿಲಮ್ಮ ಹೇಳಿದರು. ಅಧ್ಯಕ್ಷರ ಪ್ರತಿ ಫೋನನ್ನೂ ಇಬ್ಬರು ಬರೆದುಕೊಳ್ಳುತ್ತಾರೆ. ಕೈ ಸೋಲುತ್ತದೆಂದು ಹತ್ತು ಹತ್ತು ನಿಮಿಷ. ಆದರೆ ಒಬ್ಬಳು ನಿಲ್ಲಿಸಿದ ಮೇಲೆ ಇನ್ನೊಬ್ಬಳು ಶುರು ಮಾಡಿದರೆ ನಡುವೆ ಒಂದೆರಡು ಮಾತು ಜಾರಿಹೋಗುತ್ತದೆ. ಅದಕ್ಕೇ ಬದಲಾಗುವ ಹೊತ್ತಿಗೆ ಒಂದೆರಡು ವಾಕ್ಯ ಇಬ್ಬರೂ ಒಟ್ಟಿಗೆ ಬರೆಯುತ್ತಾರೆ. ಒಬ್ಬಳ ಪುಸ್ತಕದ ಕೊನೆಯ ಸಾಲು ಇನ್ನೊಬ್ಬಳ ಪುಸ್ತಕದ ಮೊದಲ ಸಾಲು. ಫೋನು ಮುಗಿದ ಕೂಡಲೇ ಎರಡನ್ನೂ ಪಕ್ಕಪಕ್ಕ ಇಟ್ಟು, ಆ ಸಾಲು ಹೋಲಿಸಿ, ಇಬ್ಬರೂ ಸಹಿ ಹಾಕಬೇಕು. ಅದೇ ಹೊಲಿಗೆ.

"ಹತ್ತೊಂಬತ್ತು ವರ್ಷ ಸಾರ್. ಒಂದು ದಿನ ತಪ್ಪಿಲ್ಲ. ಕಣ್ಣು ಮುಚ್ಚಿ ಬರೆದ್ರೂ ಅವಳ ಕೈ ಹೊಲಿಗೆ ಹಾಕಿಬಿಡತ್ತೆ. ನನ್ನ ಪುಸ್ತಕದ ಕೊನೆ ಸಾಲು ನೋಡಿ. ಅಧ್ಯಕ್ಷರು ಹೇಳ್ತಿದಾರೆ, 'ಕಡತ ನನ್ನ ಮೇಜಿನ ಮೇಲೇ ಇದೆ ಅಮ್ಮಾ, ಸಹಿ ಅನ್ನೋದು ಒಂದು ಕ್ಷಣದ ಕೆಲಸ, ಆದರೆ'. ಅಲ್ಲಿಗೆ ನನ್ನ ಹತ್ತು ನಿಮಿಷ ಮುಗೀತು, ಪೆನ್ಸಿಲ್, ಹೆಡ್‌ಫೋನ್ ಎರಡೂ ಇಟ್ಟೆ. ಇವಳ ಪುಸ್ತಕ ಶುರುವಾಗೋದು ಹೇಗೆ? 'ನಿಮ್ಮ ಅಣ್ಣನ ಆರೋಗ್ಯ ಹೇಗಿದೆ?' ಆ ಕಡತ ಎಲ್ಲಿ, ಆ ಸಹಿ ಎಲ್ಲಿ?"

"ಮರೆತಿರಬಹುದು."

"ಮರೆಯೋದಾ!" ಪೆನ್ಸಿಲಮ್ಮನಿಗೆ ಸಿಟ್ಟೇ ಬಂತು. "ಬೇಕಂತಲೇ ಬಿಟ್ಟಿದಾಳೆ. ಯಾರೋ ಪಕ್ಕದಲ್ಲಿ ನಿಂತು ಬರೆಸಿದಾರೆ. ಅವರಿಗೆ ಹೊಲಿಗೆ ಗೊತ್ತಿಲ್ಲ. ಇದನ್ನ ನೋಡಿದ್ರೆ ನನಗೊಬ್ಬಳಿಗೆ ತಿಳಿಯತ್ತೆ ಅಂತ ಬಿಟ್ಟಿದಾಳೆ."

"ಮತ್ತೆ ಐದು ತಿಂಗಳು ಯಾಕೆ ಬಾಯಿ ಬಿಡಲಿಲ್ಲ ನೀವು?"

"ಯಾರು ತೋರಿಸಿದ್ರು ನನಗೆ? ಆವತ್ತು ಹೋಲಿಸೋಕೂ ಬಿಡಲಿಲ್ಲ. ಫೋನ್ ಇಟ್ಟ ತಕ್ಷಣ ಸಾಹೇಬ್ರು ಬಂದ್ರು. ನನ್ನ ಪುಸ್ತಕ ತಗೊಂಡ್ರು. ಇವಳನ್ನ ಪುಸ್ತಕದ ಸಮೇತ ತಮ್ಮ ಕೋಣೆಗೆ ಕರ್ಕೊಂಡು ಹೋದ್ರು. ಸಂಜೆವರೆಗೂ ಬಿಡಲಿಲ್ಲ. ಆಮೇಲೆ ತನ್ನ ಚೀಲ ತಗೊಳ್ಳೋಕೆ ಇಲ್ಲಿಗೆ ಬಂದಿದ್ಲಂತೆ, ಅಷ್ಟೊತ್ತಿಗೆ ನಾನು ಹೊರಟುಹೋಗಿದ್ದೆ. ಮಾರನೇ ದಿನ ಅವಳ ಸ್ವಯಂನಿವೃತ್ತಿ ಪತ್ರ ಬಂತು. ಮನೆ ಖಾಲಿ, ಫೋನ್ ಬಂದ್."

"ಯಾವ ಸಾಹೇಬ್ರು?"

ಉತ್ತರ ಗೊತ್ತಿದ್ದೂ ಕೇಳಿದೆ.

"ಕಾನೂನು ಕಾರ್ಯದರ್ಶಿ."

ಕಾನೂನು ಕಾರ್ಯದರ್ಶಿ ಅಂದರೆ ನಮ್ಮ ಪುಟ್ಟ. ನನ್ನ ಹೆಂಡತಿಯ ತಮ್ಮ. ವಯಸ್ಸು ಐವತ್ತಾದರೂ ಮನೆಯಲ್ಲಿ ಪುಟ್ಟನೇ. ಕಾಲೇಜು ಓದುವಾಗ ಆರು ವರ್ಷ ನಮ್ಮ ಮನೆಯಲ್ಲಿದ್ದ. ಅವನ ಕಾನೂನು ಪರೀಕ್ಷೆಗೆ ಊಟದ ಮೇಜಿನ ಮೇಲೆ ಪಾಠ ಹೇಳಿಕೊಟ್ಟವನು ನಾನು. ಮೂರು ವರ್ಷದ ಹಿಂದೆ ಸಾಯುವ ಮುಂಚೆ ನನ್ನ ಹೆಂಡತಿ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು, "ಪುಟ್ಟನ್ನ ಬಿಡಬೇಡ್ರಿ," ಅಂದಳು. ಬಿಡಲ್ಲ ಅಂದೆ. ಮಂಚದ ಆ ಪಕ್ಕದಲ್ಲಿ ಪುಟ್ಟ ನಿಂತಿದ್ದ.

ಈಗ ನನ್ನ ಮನೆಯಲ್ಲಿ ಮಾತಾಡುವುದು ಕುಕ್ಕರ್ ಒಂದೇ. ಭಾನುವಾರ ಮಧ್ಯಾಹ್ನ ಒಂದಕ್ಕೆ ಮಾತ್ರ ಫೋನು ಹೊಡೆದುಕೊಳ್ಳುತ್ತಿತ್ತು. "ಭಾವಾ, ಊಟ ಆಯ್ತಾ?" ಅನ್ನುತ್ತಿದ್ದ ಪುಟ್ಟ. ನಾನು ಆಯ್ತು ಅನ್ನುತ್ತಿದ್ದೆ. ಅಷ್ಟೇ ಮಾತು, ಆದರೆ ಆ ಮಾತಿಗಾಗಿ ಶನಿವಾರದಿಂದಲೇ ಕಾಯುತ್ತಿದ್ದೆ. ತನಿಖೆ ಶುರುವಾದಾಗಿನಿಂದ ಅದೂ ನಿಂತಿದೆ, ನಿಯಮ. ಸಂಬಂಧವನ್ನು ನಾನೇನೂ ಮುಚ್ಚಿಟ್ಟಿರಲಿಲ್ಲ. ಮೊದಲ ದಿನವೇ ಬರೆದುಕೊಟ್ಟೆ. "ಹೆಂಡತಿ ತೀರಿಕೊಂಡ ಮೇಲೆ ಆ ಸಂಬಂಧ ಮುಗಿದ ಹಾಗೆ," ಎಂದು ಸಮಿತಿಯವರು ನಿಯಮ ಓದಿದರು. ಎರಡೂ ಪಕ್ಷದವರು ಒಕ್ಕೊರಲಿನಿಂದ ನನ್ನ ಹೆಸರು ಒಪ್ಪಿದರು. ಮೂವತ್ತೈದು ವರ್ಷ ಯಾರ ಮುಲಾಜಿಗೂ ಬೀಳದೆ ಕೆಲಸ ಮಾಡಿದ್ದಕ್ಕೆ ಸಿಕ್ಕ ಮರ್ಯಾದೆ ಎಂದುಕೊಂಡು, ಆವತ್ತು ಮನೆಗೆ ಹೋಗಿ ಅವಳ ಫೋಟೋಗೆ ಹೇಳಿದ್ದೆ ಕೂಡ.

ಎರಡು ಪುಸ್ತಕವನ್ನೂ ಚೀಲಕ್ಕೆ ಹಾಕಿಕೊಂಡು ಹೊರಬಂದೆ. ಮೆಟ್ಟಿಲ ತಿರುವಿನಲ್ಲಿ, ಕಿಟಕಿಯ ಕೆಳಗಿನ ಬೆಂಚಿನ ಮೇಲೆ ಪುಟ್ಟ ಕೂತಿದ್ದ. ಕೈಯಲ್ಲಿ ಎರಡು ಲೋಟ ಕಾಫಿ.

"ಸಕ್ಕರೆ ಹಾಕಿಲ್ಲ. ಬನ್ನಿ ಭಾವ."

"ನಾವು ಮಾತಾಡಬಾರದು ಪುಟ್ಟ."

"ಕಾಫಿ ಕುಡೀಬಾರದು ಅಂತ ನಿಯಮ ಇಲ್ವಲ್ಲ." ಲೋಟ ಮುಂದೆ ಚಾಚಿದ. "ಹನ್ನೊಂದು ವಾರ ಆಯ್ತು."

"ಹನ್ನೆರಡು," ಅಂದೆ. ಬಾಯಿ ತಪ್ಪಿ ಬಂದುಬಿಟ್ಟಿತು. ಕೂತೆ, ಕಾಫಿ ಮುಟ್ಟಲಿಲ್ಲ.

ಪುಟ್ಟ ಸೊರಗಿದ್ದ. ಅಂಗಿಯ ಕಾಲರು ಸಡಿಲವಾಗಿತ್ತು. ಇವನಿಗೆ ಯಾರಾದರೂ ಊಟ ಹಾಕುತ್ತಿದ್ದಾರೋ ಇಲ್ಲವೋ ಅನ್ನಿಸಿ ನನ್ನ ಮೇಲೇ ರೇಗಿತು.

"ಏನು ಬರೀತೀರಿ?"

"ಕಂಡಿದ್ದನ್ನ."

"ಕಂಡಿದ್ದೇನು? ಒಂದು ತಾರೀಖು ಹಿಂದೆ ಮುಂದೆ ಆಯ್ತು. ದಿನಾ ನೂರು ತಾರೀಖು ಹಿಂದೆ ಮುಂದೆ ಆಗತ್ತೆ. ತಾರೀಖನ್ನ ಅಂಗಡೀಲಿ ಮಾರ್ತಾರಾ? ಅದಕ್ಕೇನು ಬೆಲೆ?"

"ಬೆಲೆ ಇಲ್ಲದ್ದಕ್ಕೆ ನಿಮ್ಮ ಅಧ್ಯಕ್ಷರು ಖುದ್ದು ಫೋನ್ ಮಾಡ್ತಾರಾ?"

"ಕ್ಷಮಾದಾನ ಅವರ ಹಕ್ಕು ಭಾವ. ಯಾರಿಗೆ ಬೇಕಾದ್ರೂ ಕೊಡಬಹುದು. ಕಾರಣ ಹೇಳಬೇಕಿಲ್ಲ."

"ಕೊಡೋ ಹಕ್ಕಿದೆ. ಮಾರೋ ಹಕ್ಕಿಲ್ಲ."

ಅವನು ನಕ್ಕ. ಹಳೇ ನಗು, ಪರೀಕ್ಷೆಯ ಹಿಂದಿನ ದಿನ ನನ್ನ ಪ್ರಶ್ನೆಗೆ ಸರಿ ಉತ್ತರ ಕೊಟ್ಟಾಗ ನಗುತ್ತಿದ್ದನಲ್ಲ, ಅದೇ.

"ನೀವೇ ಹೇಳಿಕೊಟ್ಟಿದ್ದು ನೆನಪಿದೆಯಾ? ಸಹಿ ಒಂದು ಕಡೆ, ತಾರೀಖು ಒಂದು ಕಡೆ. ನಡುವಿನ ದಾರ ತೋರಿಸಿ. 'ನೀನು ಅದು ಮಾಡು, ನಾನು ಇದು ಮಾಡ್ತೀನಿ' ಅನ್ನೋ ಮಾತು ತೋರಿಸಿ. ಇಲ್ಲದಿದ್ರೆ ಅದು ಕೆಟ್ಟ ನಡತೆ ಇರಬಹುದು, ನಾಚಿಕೆಗೇಡು ಇರಬಹುದು, ಲಂಚ ಅಲ್ಲ. ಮನಸ್ಸಲ್ಲಿದ್ದದ್ದಕ್ಕೆ ಶಿಕ್ಷೆ ಇಲ್ಲ."

ಸರಿಯಾಗೇ ಹೇಳಿದ್ದ. ಶಿಷ್ಯ ಗುರುವಿಗೇ ತಿರುಮಂತ್ರ ಹಾಕಿದ್ದ.

"ದಾರ ಎರಡನೇ ಪುಸ್ತಕದಲ್ಲಿ ಇತ್ತು," ಅಂದೆ. "ನಿಜವಾದ ಎರಡನೇ ಪುಸ್ತಕದಲ್ಲಿ."

ಅವನು ಲೋಟವನ್ನು ಬೆಂಚಿನ ಮೇಲಿಟ್ಟ.

"ಪುಸ್ತಕ ಒಂದೇ. ನಿಮ್ಮ ಚೀಲದಲ್ಲಿರೋದು."

"ದಿಂಬಿನಮ್ಮನ್ನ ಪಕ್ಕದಲ್ಲಿ ಕೂರಿಸ್ಕೊಂಡು ಬರೆಸಿದ್ಯಲ್ಲ, ಅದಾ?"

"ಭಾವ, ಅಂಥ ಪುಸ್ತಕ ಇದ್ದಿದ್ರೂ ಈಗ ಇರಲ್ಲ. ಕಾಗದ ಕತ್ತರಿಸೋ ಯಂತ್ರ ನನ್ನ ಕೋಣೇಲೇ ಇದೆ. ಸುಮ್ನೆ ಉಡದ ಪಟ್ಟು ಹಿಡೀಬೇಡಿ." ಅವನ ದನಿ ಇಳಿಯಿತು. "ಮತ್ತೆ ಇದ್ರೂ ಅದನ್ನ ಓದೋರು ಯಾರು? ನಿಮಗೆ ಬರತ್ತಾ? ನನಗೂ ಬರಲ್ಲ. ಕೋಳಿ ಕೆರೆದ ಹಾಗಿರತ್ತೆ. ಒಂದು ಪುಸ್ತಕಕ್ಕೂ ಇನ್ನೊಂದಕ್ಕೂ ವ್ಯತ್ಯಾಸಾನೇ ತಿಳಿಯಲ್ಲ."

ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡೆ.

"ವರದೀಲಿ 'ಇಲ್ಲ' ಅಂತ ಬರೀರಿ ಭಾವ. ಸಾಕ್ಷ್ಯ ಇಲ್ಲ ಅಂದ್ರೆ ಸುಳ್ಳೇನೂ ಅಲ್ವಲ್ಲ. ಈ ಭಾನುವಾರ ಮನೆಗೇ ಬರ್ತೀನಿ. ನೀವು 'ಹೌದು' ಅಂತ ಬರೆದ್ರೆ ಮೊದಲು ಜೈಲಿಗೆ ಹೋಗೋದು ಅಧ್ಯಕ್ಷರಲ್ಲ. ಅಕ್ಕ ಇದ್ದಿದ್ರೆ..."

"ಅವಳ ಹೆಸರು ಎತ್ತಬೇಡ!"

ಮೆಟ್ಟಿಲು ಹತ್ತುತ್ತಿದ್ದ ಇಬ್ಬರು ಗುಮಾಸ್ತರು ನಿಂತು ನೋಡಿದರು. ಪುಟ್ಟ ನನ್ನ ಲೋಟವನ್ನೂ ತನ್ನ ಲೋಟವನ್ನೂ ತೆಗೆದುಕೊಂಡು ಕೆಳಗಿಳಿದು ಹೋದ. ಬೆಂಚಿನ ಮೇಲೆ ಕೂತೇ ಇದ್ದೆ. ಅಳು ಬರುವ ಹಾಗಾಗಿತ್ತು, ಸುಳ್ಳು ಯಾಕೆ ಹೇಳಲಿ. ಈ ಭೂಮಿಯ ಮೇಲೆ ನಾನು ಉಂಡೆನಾ ಇಲ್ಲವಾ ಅಂತ ಕೇಳುವ ಜೀವ ಅದೊಂದೇ.

ಊಟದ ಹೊತ್ತು ಕಳೆಯಿತು. ಕಚೇರಿಯ ಜನ ಡಬ್ಬಿ ತೊಳೆದುಕೊಂಡು ಹೋದರು. ಅವನ ಮಾತನ್ನೇ ತಿರುವಿ ಮುರುವಿ ನೋಡುತ್ತ ಕೂತೆ. ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ತಿಳಿಯಲ್ಲ. ಓದಲು ಬಾರದವನು ಯಂತ್ರಕ್ಕೆ ಹಾಕಿದ್ದು ಯಾವ ಪುಸ್ತಕ ಅಂತ ಅವನಿಗೆ ಗೊತ್ತಿರುವುದಾದರೂ ಹೇಗೆ? ಆವತ್ತು ದಿಂಬಿನಮ್ಮ ನಿಜವಾದದ್ದನ್ನು ಸೆರಗಿನಲ್ಲಿ ಅಡಗಿಸಿಕೊಂಡು, ಯಾವುದೋ ಹಳೇ ಪುಸ್ತಕ ಅವನ ಕೈಗೆ ಕೊಟ್ಟು, ಇದೇ ಅಂದಿದ್ದರೆ?

ಹಾಗಿದ್ದರೆ ನಿಜವಾದದ್ದು ಎಲ್ಲಿ? ಬಾಗಿಲಲ್ಲಿ ಕಾವಲಿನವರು ಚೀಲ ತಡಕುತ್ತಾರೆ. ಹೊರಗೆ ಒಯ್ಯಲು ಆಗುವುದಿಲ್ಲ.

ನನ್ನ ಮಂಡಿನೋವು ಮರೆತು ಮೆಟ್ಟಿಲು ಹತ್ತಿದೆ.

"ಅಮ್ಮಾ, ಆಕೆಗೆ ದಿಂಬಿನಮ್ಮ ಅಂತ ಯಾಕೆ ಹೆಸರು?"

ಪೆನ್ಸಿಲಮ್ಮ ವಿಚಿತ್ರವಾಗಿ ನೋಡಿದರು. "ಬೆನ್ನುನೋವು ಸಾರ್ ಅವಳಿಗೆ. ದಿಂಬಿಲ್ಲದೆ ಕೂರೋಳಲ್ಲ. ಪ್ರತಿ ಶನಿವಾರ ಮನೆಗೆ ತಗೊಂಡು ಹೋಗಿ ಒಗೆದು ತರೋಳು. ನಾವೆಲ್ಲ ಗೇಲಿ ಮಾಡ್ತಿದ್ವಿ, ಗಂಡನ್ನಾದ್ರೂ ಬಿಟ್ಟಾಳು, ದಿಂಬು ಬಿಡಲ್ಲ ಅಂತ."

"ಮತ್ತೆ ಬಿಟ್ಟು ಹೋಗಿದಾಳಲ್ಲ."

ಇಬ್ಬರೂ ಆ ಖಾಲಿ ಕುರ್ಚಿ ನೋಡಿದೆವು.

"ಐದು ತಿಂಗಳಿಂದ ಮುಟ್ಟಿಲ್ಲ ನಾನು," ಅಂದರು ಪೆನ್ಸಿಲಮ್ಮ. "ತೆಗೆದುಬಿಟ್ರೆ ಅವಳು ಬರಲ್ಲ ಅನ್ನಿಸ್ತಿತ್ತು. ನಗಬೇಡಿ ಸಾರ್. ಹತ್ತೊಂಬತ್ತು ವರ್ಷ ಪಕ್ಕದಲ್ಲೇ ಕೂತಿದ್ವಿ, ಒಟ್ಟಿಗೆ ಒಂದು ಲೋಟ ಕಾಫಿ ಕುಡಿದಿಲ್ಲ. ನಾನು ಬರೆಯೋವಾಗ ಅವಳಿಗೆ ಬಿಡುವು, ಅವಳು ಬರೆಯೋವಾಗ ನನಗೆ. ಕೇಳಿದ್ದನ್ನ ಮಾತಾಡೋ ಹಾಗಿಲ್ಲ. ಒಟ್ಟಿಗೆ ಇದ್ದದ್ದು ಆ ಹೊಲಿಗೆ ಸಾಲಲ್ಲಿ ಮಾತ್ರ."

ನಾನು ನಗಲಿಲ್ಲ. ನಗಲು ನನಗೆ ಯಾವ ಯೋಗ್ಯತೆ ಇತ್ತು?

ದಿಂಬನ್ನು ಆಕೆಯೇ ಎತ್ತಿದರು. ಮೂರು ಬದಿಗೆ ನೀಲಿ ದಾರ. ನಾಲ್ಕನೇ ಬದಿಗೆ ಕಪ್ಪು ದಾರ, ಅವಸರದ ದೊಡ್ಡ ದೊಡ್ಡ ಹೊಲಿಗೆ. ಪೆನ್ಸಿಲ್ ಹೆರೆಯುವ ಬ್ಲೇಡಿನಿಂದ ಪೆನ್ಸಿಲಮ್ಮ ಅದನ್ನು ಕೊಯ್ದರು. ಹತ್ತಿಯ ನಡುವೆ ಪುಸ್ತಕವಿತ್ತು.

ಬಾಗಿಲ ಅಗಳಿ ಹಾಕಿದೆ. ಗಂಟೆ ನಾಲ್ಕು.

"ಓದೋಕೆ ಬರತ್ತಾ ನಿಮಗೆ? ಒಬ್ಬರದು ಇನ್ನೊಬ್ಬರಿಗೆ ಬರಲ್ಲ ಅಂತಾರೆ."

"ಬೇರೆಯವರದ್ದು ಬರಲ್ಲ. ಇವಳದ್ದು ಬರತ್ತೆ. ದಿನಾ ಒಂದು ಸಾಲು ಓದಿದೀನಲ್ಲ." ಮೊದಲ ಪುಟ ತೆರೆದರು. ತುಟಿ ಅಲುಗಿತು. ಆಮೇಲೆ ಜೋರಾಗಿ ಓದಿದರು: "'ಕಡತ ನನ್ನ ಮೇಜಿನ ಮೇಲೇ ಇದೆ ಅಮ್ಮಾ, ಸಹಿ ಅನ್ನೋದು ಒಂದು ಕ್ಷಣದ ಕೆಲಸ, ಆದರೆ'. ಸರಿ ಇದೆ ಸಾರ್! ಹೊಲಿಗೆ ಸರಿ ಇದೆ!" ಸೆರಗಿನಿಂದ ಕಣ್ಣೊರೆಸಿಕೊಂಡರು.

"ಮುಂದೆ?"

"'ಆದರೆ ಮೊದಲು ಆ ತಾರೀಖು ಚುನಾವಣೆ ದಾಟಬೇಕು. ನಿಮ್ಮ ಪಟ್ಟಿ ಹೊರಗೆ ಬೀಳಲಿ. ಎರಡು ದಿನಕ್ಕೆ ನಿಮ್ಮ ಅಣ್ಣ ಮನೆಗೆ ಬರ್ತಾನೆ. ಅದಿಲ್ಲ ಅಂದ್ರೆ ಇದೂ ಇಲ್ಲ.'"

ಜೇಬಿನ ರಟ್ಟಿನ ಚೂರನ್ನು ಮುಟ್ಟಿ ನೋಡಿಕೊಂಡೆ. ನಾಲ್ಕನೆಯದೂ ಸಿಕ್ಕಿತು. ಅಧ್ಯಕ್ಷರ ಬಾಯಿಂದಲೇ. ಪುಟ್ಟನ ಹೆಸರಿಲ್ಲ, ಪುಟ್ಟನ ಮಾತಿಲ್ಲ. ಪುಸ್ತಕ ಬದಲಿಸಿದ್ದು ತಪ್ಪೇ, ಆದರೆ ಯಜಮಾನ ಹೇಳಿದ್ದಕ್ಕೆ ಮಾಡಿದ ಅಂದರೆ ಒಂದಿಷ್ಟು ದಯೆ ಸಿಕ್ಕೀತು. ಸತ್ಯವನ್ನೂ ಬರೆದು ಹೆಂಡತಿಗೆ ಕೊಟ್ಟ ಮಾತನ್ನೂ ಉಳಿಸಿಕೊಳ್ಳಬಹುದು! ಎಷ್ಟೋ ದಿನದ ಮೇಲೆ ನನಗೆ ಹಸಿವಾಯಿತು.

"ಇನ್ನೂ ಇದೆ ಸಾರ್," ಅಂದರು ಪೆನ್ಸಿಲಮ್ಮ. "ರಿಜಿಸ್ಟ್ರಾರಮ್ಮ ಕೇಳ್ತಾರೆ, 'ಇದು ಹೊರಗೆ ಬಂದು ತನಿಖೆ ಆದ್ರೆ ನನ್ನ ಗತಿ?' ಆಮೇಲೆ ಅಂಚಲ್ಲಿ ತ್ರಿಕೋನ ಹಾಕಿದಾಳೆ."

"ತ್ರಿಕೋನ ಅಂದ್ರೆ?"

"ಮಾತಾಡೋರಿಗೆ ಒಬ್ಬೊಬ್ಬರಿಗೆ ಒಂದು ಗುರುತು. ಅಧ್ಯಕ್ಷರಿಗೆ ಸೊನ್ನೆ. ಫೋನಿನ ಆ ಕಡೆಯವರಿಗೆ ಗೆರೆ. ತ್ರಿಕೋನ ಕಾನೂನು ಕಾರ್ಯದರ್ಶಿಗೆ. ಅವರೂ ಲೈನಲ್ಲಿದ್ರು."

ಬೇಡ, ಓದಬೇಡಿ ಅನ್ನಬೇಕೆಂದು ಬಾಯಿ ತೆರೆದೆ. ಪೆನ್ಸಿಲಮ್ಮ ಓದಿಯೇಬಿಟ್ಟರು.

"'ತನಿಖೆಗೆ ಯಾರು ಬರಬೇಕು ಅನ್ನೋದೂ ನಮ್ಮ ಕೈಲೇ ಇದೆ ಅಮ್ಮಾ. ನಮ್ಮ ಭಾವನ ಹೆಸರು ಹೇಳಿಸ್ತೀನಿ. ಪ್ರಾಮಾಣಿಕ ಅಂತ ಎಲ್ಲರಿಗೂ ಗೊತ್ತು, ಯಾರೂ ಬೇಡ ಅನ್ನಲ್ಲ. ಆದ್ರೆ ನನ್ನ ಹೆಸರಿರೋ ಕಾಗದಕ್ಕೆ ಅವರು ಸಹಿ ಹಾಕಲ್ಲ. ಸಾಯೋವಾಗ ನಮ್ಮ ಅಕ್ಕ ಅವರ ಹತ್ರ ಮಾತು ತಗೊಂಡಿದಾಳೆ. ನಾನು ಅಲ್ಲೇ ನಿಂತಿದ್ದೆ.' ಆಮೇಲೆ ಸೊನ್ನೆ, ಅಧ್ಯಕ್ಷರು. 'ಕೇಳಿದ್ರಲ್ಲ, ಇನ್ನೇನು ಭಯ?' ರಿಜಿಸ್ಟ್ರಾರಮ್ಮ, 'ಹಾಗಾದ್ರೆ ಸರಿ.'"

ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು. ಹೊರಗೆ ಯಾರೋ ಕುರ್ಚಿ ಎಳೆದರು.

ನನ್ನ ಹೆಂಡತಿ ಉಸಿರು ಹಿಡಿದುಕೊಂಡು ಆಡಿದ ಮಾತು. ಪುಟ್ಟ ಅದನ್ನೂ ಆ ತಕ್ಕಡಿಗೆ ಹಾಕಿದ್ದ. ರಿಜಿಸ್ಟ್ರಾರಮ್ಮ ಹೆದರಿದ್ದಳು; ನನ್ನ ಹೆಸರು ಕೇಳಿ ಒಪ್ಪಿದಳು.

"ಯಾರು ಸಾರ್ ಈ ಭಾವ?" ಪೆನ್ಸಿಲಮ್ಮ ಮುಗ್ಧವಾಗಿ ಕೇಳಿದರು.

"ನಾನೇ ಅಮ್ಮಾ."

ಆಕೆ ಪುಸ್ತಕ ಮುಚ್ಚಿದರು, ಮತ್ತೆ ತೆರೆದರು. ಕೊನೆಗೆ ಮುಡಿಯಿಂದ ಹೊಸ ಪೆನ್ಸಿಲ್ ತೆಗೆದು, ಒಂದು ಬಿಳಿ ಹಾಳೆ ಎಳೆದುಕೊಂಡರು.

"ಸಾದಾ ಬರಹಕ್ಕೆ ಇಳಿಸ್ತೀನಿ. ಆದ್ರೆ ನನ್ನ ಸಹಿ ಒಂದೇ ಸಾಲದು. ಹೊಲಿಗೆಗೆ ಎರಡು ಸಹಿ ಬೇಕು. ಅವಳಿಲ್ಲ, ಇಲ್ಲಿರೋದು ನೀವೊಬ್ಬರೇ. ಹಾಕ್ತೀರಾ?"

ಹಾಕಿದರೆ ಪುಟ್ಟ ಜೈಲಿಗೆ. ಅಷ್ಟೇ ಅಲ್ಲ, ತನಿಖೆ ಮಾಡಿದವನೇ ಈ ವ್ಯವಹಾರದ ಸರಕು ಎಂದು ಅಧ್ಯಕ್ಷರ ವಕೀಲರು ನಾಳೆ ಇಡೀ ವರದಿಯನ್ನೇ ಕಸದಬುಟ್ಟಿಗೆ ಹಾಕಿಸಬಹುದು. ಹಾಕದಿದ್ದರೆ ಪುಟ್ಟ ಆವತ್ತು ಫೋನಿನಲ್ಲಿ ಹೇಳಿದ್ದು ಅಕ್ಷರಶಃ ನಿಜವಾಗುತ್ತದೆ.

ನಾಲ್ಕೂ ಇಪ್ಪತ್ತು. ಪೆನ್ಸಿಲಮ್ಮ ಓದಿದ್ದಷ್ಟನ್ನೂ ಬರೆದು ಮುಗಿಸಿ, ಕೆಳಗೆ ತಮ್ಮ ಸಹಿ ಹಾಕಿ, ಹಾಳೆಯನ್ನು ನನ್ನ ಕಡೆಗೆ ತಳ್ಳಿದರು. ಪೆನ್ಸಿಲ್ ತೆಗೆದುಕೊಂಡೆ.

ಬಾಗಿಲಿಗೆ ಎರಡು ಸಲ ಮೆಲ್ಲಗೆ ಬಡಿದ ಸದ್ದು. ಪೆನ್ಸಿಲಮ್ಮ ಪುಸ್ತಕವನ್ನು ಎದೆಗೆ ಅವಚಿಕೊಂಡರು.

"ಭಾವಾ," ಎಂದಿತು ಆಚೆ ಕಡೆಯ ದನಿ, ಭಾನುವಾರದ ಅದೇ ದನಿ, "ಊಟ ಆಯ್ತಾ?"